ಇಂಟು ಗುರುತಿದ್ದಲ್ಲಿ ಕಪ್ಪು

ಫೆಬ್ರವರಿ ೩

ಎಷ್ಟು ತಿಕ್ಕಿದರೂ ಉಗುರಿನ ಸಂದಿಯ ಮಸಿ ಹೋಗಲಿಲ್ಲ. ಇರಲಿ. ಕೆಲಸ ಮಾಡಿದ್ದಕ್ಕೆ ಒಂದು ಗುರುತು ಬೇಕಲ್ಲ.

ನನ್ನ ಕೆಲಸ ಕಪ್ಪು ತುಂಬುವುದು. ಮೇಷ್ಟ್ರು ಕಾಮಿಕ್ಸಿನ ಪುಟವನ್ನು ಪೆನ್ಸಿಲಿನಲ್ಲಿ ಬರೆಯುತ್ತಾರೆ. ಎಲ್ಲಿ ಪೂರ್ತಿ ಕಪ್ಪು ಬೇಕೋ ಅಲ್ಲಿ ಒಂದು ಪುಟ್ಟ ಇಂಟು ಗುರುತು ಹಾಕಿಡುತ್ತಾರೆ. ಕೂದಲು, ಬೂಟು, ಗೋಡೆಯ ನೆರಳು. ನಾನು ಕುಂಚ ಅದ್ದಿ ತುಂಬುತ್ತೇನೆ. ಮೊದಲ ದಿನ "ಇಲ್ಲಿ ಯಾಕೆ ಕಪ್ಪು?" ಎಂದು ಕೇಳಿದ್ದೆ. "ಇಂಟು ಇದ್ದಲ್ಲಿ ಕಪ್ಪು. ಕೇಳೋ ಹಾಗಿಲ್ಲ. ಕೇಳ್ತಾ ಕೂತ್ರೆ ಮಸಿ ಒಣಗುತ್ತೆ" ಎಂದರು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ, ಆದರೂ ಇಡೀ ಕಟ್ಟಡಕ್ಕೆ ಮೇಷ್ಟ್ರು. "ಸ್ಕೂಲಿಂದ ತಪ್ಪಿಸ್ಕೊಂಡು ಓಡಿ ಬಂದು ಮತ್ತೆ ಮೇಷ್ಟ್ರ ಕೈಗೇ ಸಿಕ್ಕಿಬಿದ್ಯಲ್ಲೇ" ಎಂದು ಅಕ್ಕ ನಗುತ್ತಾಳೆ.

ತಪ್ಪಿಸಿಕೊಂಡದ್ದಲ್ಲ, ಬಿಟ್ಟದ್ದು. ಅಮ್ಮ ಹೋದ ಮೇಲೆ ಟೀಚರ್ 'ನನ್ನ ತಾಯಿ' ಎಂದು ಪ್ರಬಂಧ ಕೊಟ್ಟರು. ನನಗೊಬ್ಬಳಿಗೆ ಬೇರೆ ವಿಷಯ ಕೊಡಲು ಬಂದರು, ಬೇಡ ಎಂದೆ. ಅಮ್ಮ ಲಿಫ್ಟಿನ ಗುಂಡಿಯಲ್ಲಿ ಹೇಗೆ ಬಿದ್ದಿದ್ದಳೋ ಹಾಗೇ ಬರೆದೆ. ಕಾಲು ಯಾವ ಕಡೆಗಿತ್ತು, ಬಕೆಟ್ಟು ಎಲ್ಲಿತ್ತು, ಬಾಯಿ ಹೇಗಿತ್ತು. ಟೀಚರ್ ಓದಿ, "ಸಾಯೋಕ್ಕೆ ಮುಂಚಿನದ್ದು ಏನಾದ್ರೂ ಬರಿಯಮ್ಮ" ಎಂದರು. "ಮುಂಚಿನದ್ದು ಎಲ್ಲರ ಅಮ್ಮಂದಿರ ಥರಾನೇ ಇತ್ತು ಮಿಸ್, ಇದೊಂದೇ ಬೇರೆ" ಎಂದೆ. ತಿದ್ದಿ ಬರೆಯದಿದ್ದರೆ ಕ್ಲಾಸಿಗೆ ಬರಬೇಡ ಎಂದರು. ಹೋಗಲಿಲ್ಲ. ಇದ್ದದ್ದನ್ನು ತಿದ್ದುವುದು ನನ್ನ ಕೈಲಿ ಆಗದು.

ಅಮ್ಮ ಬಿದ್ದದ್ದು ಇದೇ ಕಟ್ಟಡದಲ್ಲಿ. ಕೆಳಗೆ ಮುದ್ರಣಾಲಯ, ನಡುವೆ ಕಾಗದದ ಗೋದಾಮು, ಮೂರನೇ ಮಹಡಿಯಲ್ಲಿ ನಮ್ಮ ಚಿತ್ರದ ಕೋಣೆ. ಅಮ್ಮ ಎಲ್ಲ ಮಹಡಿ ಗುಡಿಸಿ ಒರೆಸುತ್ತಿದ್ದಳು. ನಮ್ಮ ಮಹಡಿಯಲ್ಲಿ ಲಿಫ್ಟಿನ ಬಾಗಿಲ ಚಿಲಕ ಕೆಟ್ಟಿತ್ತು. ಲಿಫ್ಟು ರಿಪೇರಿಯವನು "ನಾಳೆ ಬರ್ತೀನಿ" ಎಂದು ಹೋಗಿದ್ದ. ಅಮ್ಮ ಬಾಗಿಲು ಎಳೆದಳು, ತೆರೆದುಕೊಂಡಿತು, ಒಳಗೆ ಲಿಫ್ಟ್ ಇರಲಿಲ್ಲ. ಅವನಿಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ಎಚ್ಚರಿಕೆ!

ಶಾಲೆ ಮುಗಿಸಿ ಅಲ್ಲಿಗೆ ಬಂದಿದ್ದೆ; ಮೊದಲು ಓಡಿಹೋಗಿ ನೋಡಿದ್ದು ನಾನು. ಅಕ್ಕ ನೋಡಲಿಲ್ಲ. ಮೇಲೆ ಎತ್ತುವಾಗ ಮುಖ ತಿರುಗಿಸಿಕೊಂಡಿದ್ದಳು. ಅವಳ ಪಾಲಿಗೆ ಅಮ್ಮ ಈಗಲೂ ಪೊರಕೆ ಹಿಡಿದು ಗೊಣಗುತ್ತಾ ನಿಂತಿರುವವಳೇ.

ಅಕ್ಕ ಈಗ ಕೆಳಗಡೆ ಕಾಗದದ ಕಟ್ಟು ಹೊರುತ್ತಾಳೆ. ಬೆನ್ನು ನೋವು. ಈಗಷ್ಟೇ ಎಣ್ಣೆ ಹಚ್ಚಿ ತಿಕ್ಕಿದೆ. "ಸಾಕು ಬಿಡೇ, ನಿನ್ ಕೈ ನೋಯುತ್ತೆ" ಅಂದಳು. ನೋಯುತ್ತಿತ್ತು, ಹೌದು ಎಂದೆ. ಆದರೂ ಬಿಡಲಿಲ್ಲ.

ಫೆಬ್ರವರಿ ೮

ಮುದ್ರಣಾಲಯದ ಯಜಮಾನರು ಮೇಲೆ ಬಂದಿದ್ದರು. 'ಗಟ್ಟಿಗಿತ್ತಿ' ಕಾಮಿಕ್ಸು ಓಡುತ್ತಿಲ್ಲವಂತೆ. ಗಟ್ಟಿಗಿತ್ತಿ ಉಸಿರು ಹಿಡಿದುಕೊಂಡರೆ ಏನನ್ನು ಬೇಕಾದರೂ ಎತ್ತುತ್ತಾಳೆ. ಬಸ್ಸು, ಸೇತುವೆ, ಕುಸಿದ ಮನೆ. ಉಸಿರು ಬಿಟ್ಟರೆ ಮುಗಿಯಿತು. ನಾನು ಓದಲು ಕಲಿತದ್ದೇ ಅವಳಿಂದ.

"ಎಷ್ಟು ವರ್ಷ ಅಂತ ಜನರನ್ನ ಕಾಪಾಡ್ತಾಳೆ ಮೇಷ್ಟ್ರೇ? ಕಾಪಾಡಿದ್ದು ಯಾರಿಗೆ ಬೇಕು? ಸೇಡು ಬೇಕು, ಸೇಡು!"

"ಅವಳಿಗೆ ವಯಸ್ಸಾಗಿದೆ ಸ್ವಾಮಿ. ಮಂಡಿ ನೋವು."

"ಮಂಡಿ ನೋವಿರೋಳೇ ಸೇಡು ತೀರಿಸ್ಕೊಳ್ಳಲಿ. ಅದೇ ಹೊಸದು."

ಹಾಗಾಗಿ ಕಥೆ ಹೀಗೆ. ಗಟ್ಟಿಗಿತ್ತಿ ಎಲ್ಲ ಬಿಟ್ಟು ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿರುತ್ತಾಳೆ. ಕಿಡಿ ಎಂಬ ಹುಡುಗಿ ಬಂದು, ನನ್ನ ಅಮ್ಮನನ್ನು ಪಾತಾಳರಾಯ ಗುಂಡಿಗೆ ತಳ್ಳಿ ಕೊಂದ, ನನ್ನ ಜೊತೆ ಬಾ ಎನ್ನುತ್ತಾಳೆ. ಗಟ್ಟಿಗಿತ್ತಿ, ನನಗೆ ಸುಸ್ತಾಗಿದೆ ಎನ್ನುತ್ತಾಳೆ. ಗುಂಡಿಯ ವಿಷಯ ಹೇಳಿಕೊಟ್ಟವಳು ನಾನು. ಮೇಷ್ಟ್ರು ನನ್ನನ್ನು ತುಂಬಾ ಹೊತ್ತು ನೋಡಿದರು, ಆಮೇಲೆ ಬರೆದುಕೊಂಡರು.

ಅವರ ಹೆಬ್ಬೆರಳ ಗಂಟು ಊದಿದೆ. ಮುಖಗಳಲ್ಲಿ ಗೆರೆ ನಡುಗುತ್ತದೆ. ಮುಖ ಮಾತ್ರ ನೀನು ಬರಿ ಎಂದರು. ಕಿಡಿಯದ್ದನ್ನು ಅವರೇ ಬರೆದರು, ನನ್ನ ಮುಖವೇ, ಅಗಲ ಕಿವಿ ಸಮೇತ. ನನಗೆ ಎಷ್ಟು ಖುಷಿಯಾಯಿತು ಎಂದರೆ ಮಸಿ ಚೆಲ್ಲಿಬಿಟ್ಟೆ.

ಗಟ್ಟಿಗಿತ್ತಿಗೆ ಅಕ್ಕನ ಮುಖ ಹಾಕಿದೆ. ಊಟದ ತಟ್ಟೆಯ ಮುಂದೆ ತೂಕಡಿಸುವ ಮುಖ. ಅಕ್ಕನಿಗೆ ಹೇಳಿಲ್ಲ. ಅವಳು ಕೇಳಿಲ್ಲ.

ಪಾತಾಳರಾಯನಿಗೆ ಯಾರ ಮುಖ ಎಂದು ಮೇಷ್ಟ್ರು ಕೇಳಿದರು. ನೋಡಿ ಹೇಳುತ್ತೇನೆ ಎಂದೆ.

ಫೆಬ್ರವರಿ ೧೫

ಲಿಫ್ಟಿನವನು ಚಹಾದಂಗಡಿಯ ಹೊರಗಿನ ಬೆಂಚಿನ ಮೇಲೆ ಕೂರುತ್ತಾನೆ. ಎದುರಿಗೆ ಹೋಗಿ ಕೂತು ಕಾಗದ ತೆಗೆದೆ. ಅವನಿಗೆ ನನ್ನ ಗುರುತು ಹತ್ತಿತು. ಮೊದಲು ನೆಲ ನೋಡಿದ. ಆಮೇಲೆ, "ನನ್ನನ್ನ ಬರೀತಿದ್ದೀಯಾ ತಂಗಿ?" ಎಂದ.

"ಹೌದು."

"ಬರಿ ಬರಿ. ಆದ್ರೆ ಈ ಮುರಿದ ಹಲ್ಲು ಬೇಡ. ನನ್ ಮಗಳು ನಗ್ತಾಳೆ."

"ಇದ್ದದ್ದನ್ನೇ ಬರೆಯೋದು."

"ಹಂಗಾದ್ರೆ ಬಾಯಿ ಮುಚ್ಕೋತೀನಿ" ಎಂದು ತುಟಿ ಬಿಗಿದು ಕೂತ. ಸ್ವಲ್ಪ ಹೊತ್ತಿಗೇ ನಗು ಬಂದು ಹಲ್ಲು ಕಾಣಿಸಿತು. ಬರೆದುಕೊಂಡೆ. ಕಿವಿಯಲ್ಲಿ ನರೆತ ಕೂದಲು, ಎಡಗಣ್ಣು ಸ್ವಲ್ಪ ಚಿಕ್ಕದು, ಕತ್ತಿನಲ್ಲಿ ಗ್ರೀಸಿನ ಕಲೆ.

ನಾನು ಕೇಳಿದ್ದಕ್ಕೆ ಕೆಲಸದ ರೀತಿ ಹೇಳಿದ. ಗುಂಡಿಗೆ ಇಳಿಯುವುದು ನೆಲಮಾಳಿಗೆಯ ಸಣ್ಣ ಬಾಗಿಲಿನಿಂದ. ಒಬ್ಬ ಕೆಳಗೆ, ಇನ್ನೊಬ್ಬ ಮೂರನೇ ಮಹಡಿಯಲ್ಲಿ ಮೇನ್ ಸ್ವಿಚ್ಚಿನ ಹತ್ತಿರ. ಸ್ವಿಚ್ಚು ಆರಿಸಿದವನು ಅಲ್ಲಿಂದ ಅಲ್ಲಾಡಬಾರದು. ಕೆಳಗಿನವನು ಹೊರಗೆ ಬಂದ ಮೇಲೆ ನೀರಿನ ಕೊಳವೆಗೆ ಸ್ಪಾನರಿನಿಂದ ಮೂರು ಸಲ ತಟ್ಟುತ್ತಾನೆ, ಮೇಲಿನವರೆಗೂ ಕೇಳುತ್ತದೆ. ಆಮೇಲೆಯೇ ಸ್ವಿಚ್ಚು. ಅವನ ಜೊತೆ ಯಾವಾಗಲೂ ಬಾಮೈದ ನಿಲ್ಲುತ್ತಾನಂತೆ.

ಏಳುವಾಗ ತಾನಾಗಿಯೇ ಹೇಳಿದ: "ಆ ಚಿಲಕದ್ದು... ನಾಳೆ ಬರ್ತೀನಿ ಅಂದಿದ್ದೆ. ಆ ನಾಳೆ ಇನ್ನೂ ಬಂದೇ ಇಲ್ಲ ಕಣಮ್ಮ ನಂಗೆ." ಕಣ್ಣಲ್ಲಿ ನೀರಿತ್ತು. ಸುಳ್ಳು ನೀರಲ್ಲ, ನಾನು ಹತ್ತಿರದಿಂದ ನೋಡಿದೆ.

ಮಾತು ಚೆನ್ನಾಗಿತ್ತು. ಪಾತಾಳರಾಯನಿಗೆ ಕೊಟ್ಟೆ. ಗುಂಡಿಯ ಅಂಚಿನಲ್ಲಿ ನಿಂತು ಹಲ್ಲು ಕಿರಿದು ಹೇಳುತ್ತಾನೆ: "ನಾಳೆ ಬರ್ತೀನಿ ಅಂದಿದ್ದೆ. ನಿನಗೆ ನಾಳೆ ಎಲ್ಲಿದೆ?"

ಮಾರ್ಚ್ ೨೭

ಸಂಚಿಕೆ ಬಂದ ವಾರದಲ್ಲೇ ಖಾಲಿ. ಯಜಮಾನರು ಮೆಟ್ಟಿಲು ಹತ್ತಿ ಬಂದು ನನ್ನ ಬೆನ್ನು ತಟ್ಟಿದರು.

ಬೀದಿಯಲ್ಲಿ ಲಿಫ್ಟಿನವನನ್ನು ನೋಡಿದೆ. ಶಾಲೆ ಬಿಟ್ಟ ಮಕ್ಕಳು ಹಿಂದೆ ಬಿದ್ದು "ಪಾತಾಳರಾಯ, ನಾಳೆ ಬಾ! ಪಾತಾಳರಾಯ, ನಾಳೆ ಬಾ!" ಎಂದು ಕೂಗುತ್ತಿದ್ದರು. ಅವನು ಮೊದಲು ಅರ್ಥವಾಗದೆ ಅವರ ಜೊತೆ ನಕ್ಕ. ಹಲ್ಲು ಕಂಡಿತು. ಮಕ್ಕಳು ಕಿರುಚಿಕೊಂಡು ಓಡಿದರು. ನಾನು ಬರೆದದ್ದು ಎಷ್ಟು ಸರಿಯಾಗಿದೆ ಎಂದು ಆಗ ಗೊತ್ತಾಯಿತು.

ಅಕ್ಕನ ಮುಖವನ್ನೂ ಗುರುತು ಹಿಡಿದಿದ್ದಾರೆ. ಮುದ್ರಣಾಲಯದವರು, "ಏನಮ್ಮ ಗಟ್ಟಿಗಿತ್ತಿ, ಈ ಕಟ್ಟು ಉಸಿರು ಹಿಡಿದು ಎತ್ತು ನೋಡೋಣ! ಅವನನ್ನ ಯಾವಾಗ ಮುಗಿಸ್ತೀಯ?" ಎಂದರಂತೆ. ಮನೆಗೆ ಬಂದು ಪುಸ್ತಕವನ್ನು ನನ್ನ ಮುಂದೆ ಎಸೆದಳು.

"ನನ್ ಮುಖ ತಗೊಳ್ಳೋಕೆ ನಿಂಗ್ಯಾರೇ ಹೇಳಿದ್ದು?"

"ನಿನ್ನ ಮುಖ ಸುಳ್ಳು ಬರೆದಿದ್ದೀನಾ?"

"ಇಲ್ಲ. ಅದಕ್ಕೇ ಕೇಳ್ತಿರೋದು."

"ನೀನು ಅಮ್ಮನ್ನ ಮರೆತುಬಿಟ್ಟೆ. ನಾನು ಮರೆತಿಲ್ಲ."

"ಮರೀಬೇಕು ಅಂತ ಎಷ್ಟು ಒದ್ದಾಡ್ತಿದ್ದೀನಿ ಅಂತ ಗೊತ್ತೇನೇ ನಿಂಗೆ? ಅವನಿಗೂ ಹೆಂಡತಿ ಇಲ್ಲ, ಒಂದು ಮಗು ಇದೆ. ಅವನು ಬಿದ್ರೆ ಅಮ್ಮ ಏಳ್ತಾಳಾ?"

ಗಟ್ಟಿಗಿತ್ತಿಯೂ ಹೀಗೇ ಅನ್ನುತ್ತಾಳೆ. ಆದರೆ ಎರಡನೇ ಸಂಚಿಕೆಯಲ್ಲಿ ಹೊರಡುತ್ತಾಳೆ. ಅಕ್ಕನಿಗೆ ಹಾಗೆಂದೆ. ಅಕ್ಕ ತಟ್ಟೆ ತಳ್ಳಿ ಎದ್ದು ಹೋದಳು.

ಮಾರ್ಚ್ ೨೮

ಇವತ್ತು ಅಕ್ಕ ಬೆನ್ನು ತಿಕ್ಕಲು ನನ್ನನ್ನು ಕರೆಯಲಿಲ್ಲ. ಎಣ್ಣೆ ಬಾಟಲಿ ತಾನೇ ತೆಗೆದುಕೊಂಡು, ಕೈ ಎಟುಕಿದಷ್ಟು ಹಚ್ಚಿಕೊಂಡಳು. ಕೈ ಎಟುಕದ ಜಾಗದಲ್ಲಿ ಬೆನ್ನು ಹೇಗೆ ತಿರುಚಿಕೊಳ್ಳುತ್ತದೆ ಎಂದು ಬರೆದುಕೊಂಡೆ. ಎರಡನೇ ಸಂಚಿಕೆಗೆ ಬೇಕು.

ಏಪ್ರಿಲ್ ೧೯

ಲಿಫ್ಟಿನವನ ಮಗಳು ಮೇಲೆ ಬಂದಿದ್ದಳು. ಶಾಲೆಯ ಚೀಲ ಹಾಕಿಕೊಂಡೇ ಇದ್ದಳು. ಮೇಷ್ಟ್ರನ್ನು ಬಿಟ್ಟು ನೇರ ನನ್ನ ಹತ್ತಿರ ಬಂದಳು.

"ಅಕ್ಕಾ, ಪಾತಾಳರಾಯ ನಮ್ಮಪ್ಪಾನಾ?"

ಮೇಷ್ಟ್ರು ಹಿಂದಿನಿಂದ, "ಅಯ್ಯೋ ಇಲ್ಲ ಪುಟ್ಟ, ಅದು ಬರೀ ಕಥೆ..." ಎನ್ನುವಷ್ಟರಲ್ಲಿ ನಾನು, "ಹೌದು" ಎಂದೆ.

ಹುಡುಗಿ ಚೀಲದ ಪಟ್ಟಿ ಕಚ್ಚಿದಳು. "ಕೊನೇಲಿ ಏನಾಗುತ್ತೆ?"

"ಗುಂಡಿಗೆ ಬೀಳ್ತಾನೆ."

"ಗಟ್ಟಿಗಿತ್ತಿ ಎತ್ತಲ್ವಾ? ಅವಳು ಎಲ್ಲಾರನ್ನೂ ಎತ್ತುತ್ತಾಳಲ್ಲ."

"ಇವನನ್ನ ಎತ್ತಲ್ಲ."

ಅವಳು ಹೋದ ಮೇಲೆ ಮೇಷ್ಟ್ರು ಪೆನ್ಸಿಲ್ ಕೆಳಗಿಟ್ಟರು. "ಒಂದು ಸುಳ್ಳು ಹೇಳಿದ್ರೆ ನಿನ್ ಗಂಟೇನಾದ್ರೂ ಹೋಗ್ತಿತ್ತಾ?"

"ನೀವು ಹೇಳಿದ್ರಲ್ಲ. ಅವಳು ನಂಬಿದ್ಲಾ?"

ಮೇಷ್ಟ್ರು ಮತ್ತೆ ಪೆನ್ಸಿಲ್ ಎತ್ತಿಕೊಂಡರು. ಪುಟದಲ್ಲಿ ಇಂಟು ಗುರುತು ಜಾಸ್ತಿ ಇದ್ದವು. ನನಗೂ ಬಿಡುವಿರಲಿಲ್ಲ.

ಮೇ ೬

ಎರಡನೇ ಸಂಚಿಕೆ ಮೊದಲನೆಯದಕ್ಕಿಂತ ಹೆಚ್ಚು ಹೋಯಿತು. ಮುಖಪುಟದಲ್ಲಿ ಗಟ್ಟಿಗಿತ್ತಿ ಪಾತಾಳರಾಯನ ಕುತ್ತಿಗೆ ಹಿಡಿದಿದ್ದಾಳೆ.

ಲಿಫ್ಟಿನವನ ಬಾಮೈದ ಕೆಲಸ ಬಿಟ್ಟನಂತೆ. ಪಾತಾಳರಾಯನ ಚೇಲಾ ಎಂದು ಅವನನ್ನೂ ಜನ ಆಡಿಕೊಂಡರಂತೆ. ಚಹಾದಂಗಡಿಯವನು ನಗುತ್ತಾ ಹೇಳಿದ. ಬೆಂಚು ಖಾಲಿ ಇತ್ತು.

ಮೇ ೨೦

ಲಿಫ್ಟು ಕೆಟ್ಟಿದೆ. ಬೇರೆ ಯಾರೂ ಸಿಗದೆ ಯಜಮಾನರು ಅವನನ್ನೇ ಕರೆಸಿದ್ದಾರೆ. ಸ್ವಿಚ್ಚಿನ ಹತ್ತಿರ ನಿಲ್ಲಲು ಅವನಿಗೆ ಒಬ್ಬರೂ ಇಲ್ಲ. ಮುದ್ರಣಾಲಯದಲ್ಲಿ ಪ್ರತಿಯೊಬ್ಬರನ್ನೂ ಕೇಳಿದನಂತೆ, ಎಲ್ಲರೂ ಒಂದೊಂದು ನೆಪ ಹೇಳಿದರಂತೆ. ಕೊನೆಗೆ ಅಕ್ಕನ ಮುಂದೆ ಬಂದು ನಿಂತನಂತೆ.

"ಏನಂತ ಕೇಳಿದ?" ಎಂದೆ.

"'ತಾಯಿ, ಬೇಡ ಅನ್ನೋ ಹಕ್ಕು ನಿಮಗೊಬ್ರಿಗೇ ಇದೆ, ಅದಕ್ಕೇ ಕೊನೇಲಿ ಬಂದೆ' ಅಂದ."

"ನೀನು?"

"ನಾಳಿದ್ದು ನಿಲ್ತೀನಿ ಅಂದೆ."

"ಅವನ ಜೀವ ಕಾಯೋಕೆ?"

"ಹೂಂ ಕಣೇ. ಯಾರದ್ದಾದ್ರೂ ಒಂದು ಕಾದ್ರೆ ನಿದ್ದೆ ಬರುತ್ತೇನೋ ನೋಡೋಣ."

ನಾನು ಊಟ ಬಿಟ್ಟೆ. ಗಟ್ಟಿಗಿತ್ತಿ ಹೊರಟಾಗಿದೆ, ಈಗ ತಿರುಗಿ ಬರುವ ಹಾಗಿಲ್ಲ. ಮೂರನೇ ಸಂಚಿಕೆಯಲ್ಲಿ ಒಂದು ಪುಟ ನನ್ನದೇ ಇದೆ, ಕಿಡಿ ಅಮ್ಮನ ಸಾವನ್ನು ನೆನೆಯುವ ಪುಟ. ಇನ್ನೂ ಬರೆದಿಲ್ಲ. ಈಗ ಕೂರುತ್ತೇನೆ. ಟೀಚರ್ ತಿದ್ದು ಎಂದದ್ದನ್ನು ತಿದ್ದದೆ ಬರೆಯುತ್ತೇನೆ.

ಮೇ ೨೨

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಅಕ್ಕ ಸ್ವಿಚ್ಚು ಆರಿಸಿ ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದಳು. ಸ್ವಿಚ್ಚು ನಮ್ಮ ಕೋಣೆಯ ಬಾಗಿಲಿಗೆ ಎದುರೇ. ಲಿಫ್ಟು ನಮ್ಮ ಮಹಡಿಯಲ್ಲಿ ನಿಂತಿತ್ತು. ಅವನು ಕೆಳಗೆ ಹೋಗುವ ಮೊದಲು ಅಕ್ಕನಿಗೆ ಕೈ ಮುಗಿದ. ಅಕ್ಕ "ಹೋಗಿ, ನಾನಿದ್ದೀನಿ" ಎಂದಳು.

ನಾನು ಪುಟ ತಂದು ಅವಳ ಮುಖದ ಮುಂದೆ ಹಿಡಿದೆ. ಕಾಲು ಎಲ್ಲಿತ್ತೋ ಅಲ್ಲಿ, ಬಕೆಟ್ಟು ಎಲ್ಲಿತ್ತೋ ಅಲ್ಲಿ. ಬಾಯಿ ಹೇಗಿತ್ತೋ ಹಾಗೆ.

"ಏನೇ ಇದು?"

"ನೀನು ನೋಡದೆ ಇದ್ದದ್ದು."

ಅಕ್ಕ ಕಣ್ಣು ಮುಚ್ಚಿಕೊಂಡಳು. ತೆರೆದಳು. ಮತ್ತೆ ನೋಡಿದಳು. ಬಾಯಿಗೆ ಸೆರಗು ಒತ್ತಿಕೊಂಡಳು, ಬೆರಳ ಸಂದಿಯಿಂದ ವಾಂತಿ ಬಂತು. "ನಿಂತ್ಕೊ. ಇಲ್ಲೇ ನಿಂತ್ಕೊ, ಯಾರನ್ನೂ ಮುಟ್ಟೋಕೆ ಬಿಡ್ಬೇಡ" ಎಂದು ನನ್ನನ್ನು ಸ್ವಿಚ್ಚಿನ ಮುಂದೆ ಎಳೆದು ನಿಲ್ಲಿಸಿ, ಗೋಡೆ ಹಿಡಿದುಕೊಂಡು ನಲ್ಲಿಯ ಕಡೆ ಹೋದಳು.

ಮುದ್ರಣಾಲಯದ ಬೈಂಡರ್ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದ. "ಇನ್ನೂ ಮುಗೀಲಿಲ್ವಾ? ಕೆಳಗೆ ಮಾಲು ರಾಶಿ ಬಿದ್ದಿದೆ, ಯಜಮಾನ್ರು ಕುಣೀತಿದ್ದಾರೆ. ಹಾಕ್ಲಾ?"

ಕೊಳವೆ ತಟ್ಟಿದ ಸದ್ದು ಬಂದಿರಲಿಲ್ಲ. ಅದು ನನಗೆ ಗೊತ್ತಿತ್ತು.

ಹಾಕು ಎನ್ನಲಿಲ್ಲ. ಬೇಡ ಎನ್ನಲೂ ಇಲ್ಲ. ಪಕ್ಕಕ್ಕೆ ಸರಿದೆ.

ಬೈಂಡರ್ ಸ್ವಿಚ್ಚು ಎಳೆದು, ಮೆಟ್ಟಿಲ ಸಂದಿಯಲ್ಲಿ ಬಗ್ಗಿ "ಕರೆಂಟ್ ಬಂತು, ಬಟನ್ ಒತ್ರೋ!" ಎಂದು ಕೂಗಿದ. ಲಿಫ್ಟು ಇಳಿಯಿತು. ಕೆಳಗೆ ಯಂತ್ರಗಳ ಗದ್ದಲ, ಬೇರೇನೂ ಕೇಳಲಿಲ್ಲ. ಕೊಳವೆಯಲ್ಲಿ ಒಂದು ಸದ್ದು ಬಂತು. ಮೂರಲ್ಲ, ಒಂದೇ.

ತಲೆ ಎತ್ತಿದರೆ ಕೋಣೆಯ ಬಾಗಿಲಲ್ಲಿ ಮೇಷ್ಟ್ರು ನಿಂತಿದ್ದರು. ಕೈಯಲ್ಲಿ ಪೆನ್ಸಿಲ್ ಇತ್ತು. ಕಣ್ಣಿಗೆ ಕಣ್ಣು ಕೂಡಿತು.

ಅಕ್ಕ ಒದ್ದೆ ಮುಖದಲ್ಲೇ ಬಂದಳು. ಸ್ವಿಚ್ಚು ನೋಡಿದಳು, ನನ್ನನ್ನು ನೋಡಿದಳು. ಮೆಟ್ಟಿಲು ಇಳಿದು ಓಡಿದಳು. ಅವಳು ಓಡಿದ್ದನ್ನು ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ.

ಮೇ ೨೩

ಲಿಫ್ಟಿನವನು ಗುಂಡಿಯಲ್ಲೇ ಸತ್ತಿದ್ದ. ಪೊಲೀಸ್ ಠಾಣೆಯ ಮೇಜಿನ ಮೇಲೆ ಎರಡೂ ಸಂಚಿಕೆ ಇದ್ದವು. ಇನ್ಸ್‌ಪೆಕ್ಟರ್ ಮುಖಪುಟ ನೋಡುತ್ತಾರೆ, ಅಕ್ಕನನ್ನು ನೋಡುತ್ತಾರೆ, ಮತ್ತೆ ಮುಖಪುಟ.

ಬೈಂಡರ್, "ಅಲ್ಲಿ ಈ ಹುಡುಗಿ ಇದ್ಲು ಸಾರ್. ಬೇಡ ಅನ್ನಲಿಲ್ಲ" ಎಂದ.

ಅಕ್ಕ ನಡುವೆ ಬಾಯಿ ಹಾಕಿದಳು. "ಅವಳು ಚಿತ್ರ ಹಿಡ್ಕೊಂಡು ಸುಮ್ನೆ ನಿಂತಿದ್ಲು ಸಾರ್. ಅವಳಿಗೇನು ಗೊತ್ತು. ಕಾವಲು ನಂದು. ಬಿಟ್ಟು ಹೋದವಳು ನಾನು."

"ಬೇಕಂತಲೇ ಹೋದ್ಯಾ?"

ಅಕ್ಕ ಉಸಿರು ಎಳೆದುಕೊಂಡಳು. ಅವಳು ಕಟ್ಟು ಎತ್ತುವ ಮೊದಲು ಹಾಗೇ ಮಾಡುವುದು. ಆಮೇಲೆ, "ಅವನು ನಮ್ಮಮ್ಮನ್ನ ಕೊಂದವನಲ್ವಾ ಸಾರ್" ಎಂದಳು.

ನನ್ನನ್ನೂ ಕೇಳಿದರು.

"ಕಾವಲಿಗೆ ನಿಲ್ಲಿಸಿದ್ದು ಯಾರನ್ನ?"

"ಅಕ್ಕನ್ನ."

"ಸ್ವಿಚ್ ಹಾಕಿದ್ದು?"

"ಬೈಂಡರ್."

"ನೀನು ಮುಟ್ಟಿದ್ಯಾ?"

"ಇಲ್ಲ."

ಒಂದೂ ಸುಳ್ಳಿಲ್ಲ. ಕೇಳಿದ್ದಕ್ಕೆಲ್ಲ ಇದ್ದದ್ದನ್ನೇ ಹೇಳಿದ್ದೇನೆ.

ಮೇಷ್ಟ್ರನ್ನು ಕೇಳಿದಾಗ ಅಕ್ಕ ಅವರ ಕಡೆ ತಿರುಗಿದಳು. ಅವರು ಅವಳ ಮುಖ ನೋಡಿದರು. "ನಾನು ಪುಟದಿಂದ ತಲೆ ಎತ್ತಲೇ ಇಲ್ಲ ಸಾರ್" ಎಂದರು. ಎಷ್ಟು ದೊಡ್ಡ ಸುಳ್ಳು! ಅವರ ಮೇಲೆ ಇಟ್ಟಿದ್ದ ಗೌರವವೇ ಹೋಯಿತು.

ಜೂನ್ ೧೪

ಜೈಲಿಗೆ ಹೋಗಿ ಅಕ್ಕನನ್ನು ನೋಡಿ ಬಂದೆ. ನಡುವೆ ಸಣ್ಣ ಕಣ್ಣಿನ ಜಾಲರಿ. ಅದರ ನೆರಳು ಅವಳ ಮುಖದ ಮೇಲೆ ಚೌಕಳಿಯಾಗಿ ಬೀಳುತ್ತದೆ. ಒಳ್ಳೆಯ ಕಪ್ಪು ಬಿಳುಪು.

"ಊಟ ಮಾಡ್ತಿದ್ದೀಯೇನೇ?" ಎಂದಳು.

"ಹೂಂ. ಬೆನ್ನು?"

"ಇಲ್ಲಿ ಕಟ್ಟು ಹೊರೋದಿಲ್ವಲ್ಲ. ಪರವಾಗಿಲ್ಲ."

"ಕೊನೆಗೂ ನನ್ನ ಜೊತೆ ಬಂದೆ ನೀನು" ಎಂದೆ. ಹೊಗಳಿಕೆಯಾಗಿಯೇ ಹೇಳಿದ್ದು.

ಅಕ್ಕ ಜಾಲರಿಯ ಆ ಕಡೆಯಿಂದ ನನ್ನನ್ನು ನೋಡಿದಳು. "ಅವನ ಮಗೂನ ಯಾರು ನೋಡ್ಕೋತಿದ್ದಾರೆ?"

ಗೊತ್ತಿಲ್ಲ ಎಂದೆ. ಗೊತ್ತಿರಲಿಲ್ಲ.

"ವಿಚಾರ್ಸೇ. ಅಷ್ಟಾದ್ರೂ ಮಾಡೇ."

ಮುಖ ಸ್ವಲ್ಪ ಎಡಕ್ಕೆ ತಿರುಗಿಸು ಎಂದು ಕೇಳಿದೆ, ಬೆಳಕಿಗೆ. ತಿರುಗಿಸಿದಳು. ಕೆನ್ನೆ ಒದ್ದೆಯಾಗಿದ್ದರಿಂದ ಹೊಳೆಯುತ್ತಿತ್ತು. ಹೊಳಪಿನ ಜಾಗ ಬಿಳಿ ಬಿಡಬೇಕು ಎಂದು ಗುರುತು ಮಾಡಿಕೊಂಡೆ.

ಜೂನ್ ೨೫

ಕೊನೆಯ ಪುಟ ಬಂತು. ಮೇಷ್ಟ್ರು ಈಗ ಪುಟವನ್ನು ನನ್ನ ಮೇಜಿನ ಮೇಲಿಟ್ಟು, ಮುಖ ತಿರುಗಿಸಿಕೊಂಡು ಹೋಗುತ್ತಾರೆ. ಈ ಸಲ ಮುಖಗಳನ್ನೂ ಅವರೇ ಬರೆದಿದ್ದಾರೆ, ನಡುಗುವ ಗೆರೆಯಲ್ಲೇ. ಯಜಮಾನರಿಗೆ ಕೋಪ ಬರಬಹುದು. ಪಾತಾಳರಾಯ ಎಲ್ಲೂ ಇಲ್ಲ. ಗುಂಡಿಯ ತಳದಲ್ಲಿ ಗಟ್ಟಿಗಿತ್ತಿ ಒಬ್ಬಳೇ, ಬಾಗಿದ ಬೆನ್ನ ಮೇಲೆ ಬಂಡೆ ಹೊತ್ತು, ಉಸಿರು ಹಿಡಿದು ನಿಂತಿದ್ದಾಳೆ. ಮೇಲೆ ಅಂಚಿನಲ್ಲಿ ಕಿಡಿ ಬಗ್ಗಿ ನೋಡುತ್ತಿದ್ದಾಳೆ. ಜಡೆ ನನ್ನದು, ಅಗಲ ಕಿವಿ ನನ್ನದು. ಮುಖದಲ್ಲಿ ಕಣ್ಣಿಲ್ಲ, ಮೂಗಿಲ್ಲ, ಬಾಯಿಲ್ಲ. ನಡುವೆ ಒಂದು ಪುಟ್ಟ ಇಂಟು ಗುರುತು.

ಪುಟ ತೆಗೆದುಕೊಂಡು ಅವರ ಹತ್ತಿರ ಹೋದೆ. "ಮೇಷ್ಟ್ರೇ, ಇದು ಮುಖ. ಕೈತಪ್ಪಿ ಬಿದ್ದಿದ್ಯಾ ಇಲ್ಲಿ?"

ಅವರು ಕಿಟಕಿಯ ಕಡೆ ತಿರುಗಿಕೊಂಡೇ ಇದ್ದರು. "ಕೇಳೋ ಹಾಗಿಲ್ಲ" ಎಂದರು.

ಕೇಳಲಿಲ್ಲ. ಕುಂಚ ಅದ್ದಿ, ಅಂಚಿನಿಂದ ಶುರು ಮಾಡಿ ಒಳಕ್ಕೆ ತುಂಬುತ್ತಾ ಬಂದೆ. ಎಲ್ಲೂ ಬಿಳಿ ಉಳಿಯಲಿಲ್ಲ. ಕೈ ಒಂಚೂರೂ ನಡುಗಲಿಲ್ಲ. ಒಳ್ಳೆಯ ಕಪ್ಪು ಬಂದಿದೆ.